ವಂಶವಾಹಿಯೇ ಹೊರತು ವಂಶಶಾಪವಲ್ಲ

ಕನ್ನಡದಲ್ಲಿ ‘ವಂಶ’ ಎಂಬ ಮಾತಿನಿಂದ ಆರಂಭವಾಗುವ ಎರಡು ಪದಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಒಂದರೊಳಗೊಂದು ಕಲೆಸಿಹೋಗಿವೆ. ಒಂದು ವಂಶವಾಹಿ. ಅದು ವಿಜ್ಞಾನದ ಪದ. ಮತ್ತೊಂದು ವಂಶಶಾಪ. ಅದು ವಿಜ್ಞಾನಕ್ಕೂ ಸೇರಿದ್ದಲ್ಲ, ನಮ್ಮ ವಿಶ್ವಾಸಕ್ಕೂ ಸೇರಿದ್ದಲ್ಲ. ಹುಟ್ಟಿದ ಮೂರನೆಯ ದಿನ ಹಾಲು ಕುಡಿಯಲೊಲ್ಲದೆ ಮಂಪರಿಗೆ ಜಾರಿ ಅಸುನೀಗಿದ ಕೂಸು, ಅದರ ಹಿಂದೆಯೇ ಅದೇ ರೀತಿಯಲ್ಲಿ ಕಣ್ಮುಚ್ಚಿದ ಎರಡನೆಯ ಕೂಸು – ಇಂತಹ ಮನೆಗೆ ಸಾಂತ್ವನ ಹೇಳಲು ಹೋದವರಲ್ಲಿ ಒಬ್ಬರಾದರೂ, ‘ನಿಮ್ಮ ಹಿರಿಯರಲ್ಲಿ ಯಾರೋ ಏನೋ ಮಾಡಿರಬೇಕು, ಧ್ಯಾನಕೂಟಕ್ಕೆ ಹೋಗಿ ವಂಶವೃಕ್ಷದ ಬಿಡುಗಡೆಗಾಗಿ ಪ್ರಾರ್ಥನೆ ಮಾಡಿಸಿಕೊಳ್ಳಿ’ ಎಂದು ಹೇಳದೆ ಹಿಂತಿರುಗುವುದಿಲ್ಲ. ಇಂತಹ ಕಾಯಿಲೆಗಳಿಗೆ ವಂಶವಾಹಿ ಚಿಕಿತ್ಸೆ ಎಂಬುದೊಂದು ಬರುತ್ತಿದೆಯಂತೆ ಎಂದು ಯಾರಾದರೂ ಬಾಯಿತೆರೆದರೆ, ಅದೇ ನಾಲಗೆ ಮರುಗಳಿಗೆಯಲ್ಲಿ, ‘ಅದು ಸೃಷ್ಟಿಕರ್ತನ ಕೆಲಸಕ್ಕೆ ಕೈಹಾಕುವುದು, ಪಾಪ’ ಎನ್ನುತ್ತದೆ. ರೋಗಕ್ಕೆ ಕಾರಣವೂ ಪಾಪ, ರೋಗದ ಮದ್ದೂ ಪಾಪ! ಇವೆರಡರ ನಡುವೆ ಆ ತಾಯಿ ಎಲ್ಲಿಗೆ ಹೋಗಬೇಕು?

ಈ ಎರಡು ಮಾತುಗಳೂ ಸುಳ್ಳು ಎಂಬುದೇ ನನ್ನ ವಾದ. ಸುಳ್ಳಷ್ಟೇ ಅಲ್ಲ, ಕ್ರೂರವೂ ಹೌದು. ಅಷ್ಟೇ ಮುಖ್ಯವಾಗಿ, ಇವು ನಮ್ಮ ಕೋಪವನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತವೆ. ವಂಶವಾಹಿ ಚಿಕಿತ್ಸೆಯ ಇತಿಹಾಸದಲ್ಲಿ ಪಾಪವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಧಾರಾಳವಾಗಿದೆ. ಆದರೆ ಅದಿರುವ ಜಾಗ ಬೇರೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ನಾವು ತಿನ್ನುವ ಬೇಳೆ, ಹಾಲು, ಮಾಂಸಗಳಲ್ಲಿನ ಪ್ರೊಟೀನು ದೇಹದಲ್ಲಿ ಒಡೆದಾಗ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ನಮ್ಮ ಯಕೃತ್ತು ಅದನ್ನು ಹಂತಹಂತವಾಗಿ, ಒಂದೊಂದು ಹಂತಕ್ಕೂ ಒಂದೊಂದು ಕಿಣ್ವದ ನೆರವಿನಿಂದ, ನಿರುಪದ್ರವಿಯಾದ ಯೂರಿಯಾ ಆಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಈ ಸರಪಳಿಯ ಒಂದು ಕೊಂಡಿಯನ್ನು ತಯಾರಿಸಬೇಕಾದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಸಾಕು, ಅಮೋನಿಯಾ ರಕ್ತದಲ್ಲಿ ಏರಿ ಮೆದುಳನ್ನು ಮುಟ್ಟುತ್ತದೆ. ತಾಯಿಯ ಗರ್ಭದಲ್ಲಿರುವತನಕ ತಾಯಿಯ ಯಕೃತ್ತೇ ಕೂಸಿನ ಕೆಲಸವನ್ನೂ ಮಾಡುತ್ತಿರುತ್ತದೆ. ಆದುದರಿಂದ ಮಗು ತುಂಬು ಆರೋಗ್ಯದಿಂದ ಹುಟ್ಟಿ, ಹಾಲು ಕುಡಿಯಲಾರಂಭಿಸಿದ ಎರಡು ಮೂರು ದಿನಗಳಲ್ಲಿ ಬಾಡುತ್ತದೆ. ನೋಡಿದವರಿಗೆ ಅದು ದೃಷ್ಟಿ ತಾಗಿದಂತೆ, ಮಾಟ ಮಾಡಿಸಿದಂತೆ, ಶಾಪ ತಟ್ಟಿದಂತೆ ಕಾಣುವುದು ಸಹಜವೇ. ಆದರೆ ಅದು ಶಾಪವಲ್ಲ, ಕಿಣ್ವದ ಕೊರತೆ.

ಶ್ವಾಸಕೋಶದ ವಂಶಾನುಗತ ರೋಗಗಳದ್ದೂ ಇದೇ ಕಥೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯಲ್ಲಿ ಜೀವಕೋಶದ ಮೇಲ್ಮೈಯಲ್ಲಿ ಉಪ್ಪಿನಂಶವನ್ನು ಒಳಹೊರಗೆ ಬಿಡುವ ಬಾಗಿಲೊಂದು ಸರಿಯಾಗಿ ತೆರೆಯುವುದಿಲ್ಲ. ಇದರಿಂದ ಶ್ವಾಸನಾಳದ ಲೋಳೆ ಅಂಟಿನಂತೆ ಗಟ್ಟಿಯಾಗಿ, ಅದರಲ್ಲಿ ಸೋಂಕು ಬೇರೂರಿ, ವರ್ಷ ವರ್ಷಕ್ಕೂ ಉಸಿರು ಕುಗ್ಗುತ್ತದೆ. ಆ ಮಕ್ಕಳ ಬೆವರು ಬಹಳ ಉಪ್ಪು. ಮುತ್ತಿಟ್ಟಾಗ ಹಣೆ ಉಪ್ಪಾಗಿದ್ದರೆ ಆ ಮಗು ಉಳಿಯುವುದಿಲ್ಲವೆಂಬ ಮಾತು ಯೂರೋಪಿನ ಹಳ್ಳಿಗಳಲ್ಲಿ ಶತಮಾನಗಳ ಕಾಲ ಇತ್ತು. ಅಲ್ಲಿನವರೂ ಅದಕ್ಕೆ ಮಾಟದ ಕಾರಣವನ್ನೇ ಕೊಟ್ಟಿದ್ದರು. 1989ರಲ್ಲಿ ಲ್ಯಾಪ್-ಚೀ ಸೂಯಿ, ಫ್ರಾನ್ಸಿಸ್ ಕಾಲಿನ್ಸ್ ಮತ್ತು ಜಾನ್ ರಿಯೋರ್ಡನ್ ಅವರ ತಂಡಗಳು ಏಳನೆಯ ವರ್ಣತಂತುವಿನಲ್ಲಿ ಆ ವಂಶವಾಹಿಯನ್ನು ಕಂಡುಹಿಡಿದವು. ಮಾಟದ ಮಾತು ಅಂದಿಗೆ ಮುಗಿಯಿತು. ಭಾರತದಲ್ಲಿ ಈ ರೋಗ ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಇದೆಯೆಂಬುದು ಈಗ ವೈದ್ಯರಿಗೆ ಚೆನ್ನಾಗಿ ತಿಳಿದಿದೆ. ಬಿಡದ ಕೆಮ್ಮನ್ನು ಕ್ಷಯವೆಂದೋ ಆಸ್ತಮಾವೆಂದೋ ತಿಳಿದು ವರ್ಷಗಟ್ಟಲೆ ಮದ್ದು ಕೊಟ್ಟ ಮನೆಗಳು ಎಷ್ಟಿವೆಯೋ ದೇವರೇ ಬಲ್ಲ.

ಇಂತಹ ರೋಗಗಳಲ್ಲಿ ಬಹುಪಾಲು ತಲೆದೋರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ದೋಷಯುಕ್ತ ಪ್ರತಿಗಳು ಮಗುವಿಗೆ ಬರಬೇಕು. ಒಂದೇ ಪ್ರತಿಯನ್ನು ಹೊತ್ತ ತಂದೆತಾಯಿಗಳು ಪೂರ್ಣ ಆರೋಗ್ಯವಂತರು. ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಲೆಕ್ಕದ ಮೂಲವನ್ನು ಜಗತ್ತಿಗೆ ಕೊಟ್ಟವರು ಯಾರು? ಬ್ರನೋ ನಗರದ ಅಗಸ್ತೀನರ ಮಠದ ತೋಟದಲ್ಲಿ ಬಟಾಣಿ ಬೆಳೆದು, 1866ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದ ಗ್ರೆಗೋರ್ ಮೆಂಡೆಲ್. ನಮ್ಮದೇ ಧರ್ಮಸಭೆಯ ಗುರು. ವಂಶವಾಹಿ ವಿಜ್ಞಾನವನ್ನು ನಾಸ್ತಿಕರ ಹುನ್ನಾರವೆಂದು ಪ್ರಬೋಧನೆಗಳಲ್ಲಿ ಜರೆಯುವವರು ಈ ಸಂಗತಿಯನ್ನು ಒಮ್ಮೆ ನೆನೆದರೆ ಒಳಿತು. ಇನ್ನೊಂದು ಸತ್ಯವೂ ಇದೆ: ನಮ್ಮಲ್ಲಿ ಪ್ರತಿಯೊಬ್ಬರೂ ಇಂತಹ ಕೆಲವು ದೋಷಗಳನ್ನು ಮೌನವಾಗಿ ಹೊತ್ತಿದ್ದೇವೆ. ಸಾಂತ್ವನ ಹೇಳಲು ಹೋದವರೂ, ಶಾಪದ ಮಾತಾಡಿದವರೂ ಇದಕ್ಕೆ ಹೊರತಲ್ಲ. ಆದರೂ ನಮ್ಮ ಸಮಾಜದಲ್ಲಿ ಬೆರಳು ತೋರುವುದು ಸೊಸೆಯ ಕಡೆಗೇ. ಎರಡು ಕಡೆಯಿಂದಲೂ ಬಂದದ್ದಕ್ಕೆ ಒಬ್ಬಳೇ ಹೊಣೆ!

ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಪ್ರಭು ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಕೇಳುತ್ತಲೇ ಬಂದಿರುವ ನಾವು, ದೇವಾಲಯದ ಹೊಸಿಲು ದಾಟಿದೊಡನೆ ಶಿಷ್ಯರ ಪ್ರಶ್ನೆಯನ್ನಷ್ಟೇ ನೆನಪಿಟ್ಟುಕೊಂಡು ಗುರುವಿನ ಉತ್ತರವನ್ನು ಮರೆಯುತ್ತೇವೆ. ತಂದೆ ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತಿತೆಂಬ ಗಾದೆಯನ್ನು ಇನ್ನು ಆಡಬಾರದೆಂದು ಪ್ರವಾದಿ ಯೆಜೆಕಿಯೇಲನ ಬಾಯಿಂದ ದೇವರು ಹೇಳಿಸಿದ್ದು ಇನ್ನೂ ಹಿಂದಿನ ಮಾತು. ಪೂರ್ವಜರ ಪಾಪವು ರೋಗವಾಗಿ ಹರಿದುಬರುತ್ತದೆ, ಅದನ್ನು ವಿಶೇಷ ಬಲಿಪೂಜೆಯಿಂದಲೋ ಪ್ರಾರ್ಥನೆಯಿಂದಲೋ ಕಡಿಯಬಹುದು ಎಂಬ ಬೋಧನೆಗೆ ಪವಿತ್ರಗ್ರಂಥದಲ್ಲಾಗಲಿ ಪರಂಪರೆಯಲ್ಲಾಗಲಿ ಆಧಾರವಿಲ್ಲವೆಂದು ಸ್ಪೇನ್ ದೇಶದ ಧರ್ಮಾಧ್ಯಕ್ಷರ ಮಂಡಳಿ 2024ರ ನವೆಂಬರಿನಲ್ಲಿ ಸ್ಪಷ್ಟವಾಗಿ ಪ್ರಕಟಿಸಿತು. ನಮ್ಮ ಧ್ಯಾನಕೂಟಗಳ ಸಂಘಟಕರು ಅದನ್ನು ತರಿಸಿ ಓದಬೇಕು.

ಇನ್ನು ಎರಡನೆಯ ಮಾತು, ಚಿಕಿತ್ಸೆಯೇ ಪಾಪವೆಂಬುದು. ಧರ್ಮಸಭೆ ಹೀಗೆ ಎಂದೂ ಹೇಳಿಲ್ಲ. 1983ರಲ್ಲಿಯೇ ವಿಶ್ವಗುರು ಎರಡನೆಯ ಜಾನ್ ಪಾಲರು ವಿಶ್ವ ವೈದ್ಯಕೀಯ ಸಂಘದವರನ್ನುದ್ದೇಶಿಸಿ ಮಾತನಾಡುತ್ತ, ರೋಗವನ್ನು ಗುಣಪಡಿಸುವುದಕ್ಕೆಂದೇ ವಂಶವಾಹಿಯನ್ನು ಸರಿಪಡಿಸುವ ಪ್ರಯತ್ನವು ತತ್ವತಃ ಅಪೇಕ್ಷಣೀಯವೆಂದರು. 2008ರಲ್ಲಿ ಹದಿನಾರನೆಯ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ ಹೊರಬಂದ ‘ದಿಗ್ನಿತಾಸ್ ಪರ್ಸೋನೆ’ ಎಂಬ ಬೋಧನಾಪತ್ರ ಇನ್ನೂ ಖಚಿತವಾಗಿ ಗೆರೆ ಎಳೆಯಿತು. ರೋಗಿಯ ದೇಹದ ಕೋಶಗಳಲ್ಲಿ ಮಾತ್ರ, ಚಿಕಿತ್ಸೆಗೆಂದೇ ಮಾಡುವ ತಿದ್ದುಪಡಿ ತತ್ವತಃ ಸಮ್ಮತ. ಮುಂದಿನ ಪೀಳಿಗೆಗಳಿಗೆ ಹರಿದುಹೋಗುವಂತೆ ಅಂಡ, ವೀರ್ಯ, ಭ್ರೂಣಗಳಲ್ಲಿ ಮಾಡುವ ತಿದ್ದುಪಡಿ ಈಗಿನ ಸ್ಥಿತಿಯಲ್ಲಿ ಸಮ್ಮತವಲ್ಲ. ಮನುಷ್ಯನನ್ನು ‘ಉತ್ತಮ’ಗೊಳಿಸುವ ಹವ್ಯಾಸವಂತೂ ಕೂಡದು. ಚೀನಾದ ಹೆ ಜಿಯಾನ್‌ಕುಯಿ 2018ರಲ್ಲಿ ಭ್ರೂಣಗಳನ್ನು ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದಾಗಿ ಪ್ರಕಟಿಸಿದಾಗ ವಿಜ್ಞಾನಿಗಳ ಲೋಕವೇ ಛೀಮಾರಿ ಹಾಕಿತು; ಮರುವರ್ಷ ಅಲ್ಲಿನ ನ್ಯಾಯಾಲಯ ಅವನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಅವನನ್ನು ತೋರಿಸಿ, ಉಸಿರಿಗಾಗಿ ಹೋರಾಡುತ್ತಿರುವ ಮಗುವಿನ ಚಿಕಿತ್ಸೆಯನ್ನೂ ಖಂಡಿಸುವುದು, ಕೊಲೆಗಾರನ ಕೈಯಲ್ಲಿ ಚೂರಿಯಿತ್ತೆಂದು ಶಸ್ತ್ರವೈದ್ಯನನ್ನು ಸೆರೆಗೆ ತಳ್ಳಿದಂತೆ.

ಗೌರವಿಸಬೇಕಾದ ಆಕ್ಷೇಪಣೆಯೊಂದಿದೆ. ಡೌನ್ ಸಿಂಡ್ರೋಮಿಗೆ ಕಾರಣವಾದ ಹೆಚ್ಚುವರಿ ವರ್ಣತಂತುವನ್ನು 1959ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಜೆರೋಮ್ ಲೆಜೂನ್ ಭಕ್ತ ಕಥೋಲಿಕರು. ಆ ಮಕ್ಕಳಿಗೆ ಮದ್ದು ಹುಡುಕುವುದು ಅವರ ಬಯಕೆಯಾಗಿತ್ತು. ಆದರೆ ಜಗತ್ತು ಅವರ ಶೋಧನೆಯನ್ನು ಗರ್ಭದಲ್ಲೇ ಆ ಮಕ್ಕಳನ್ನು ಗುರುತಿಸಿ ಇಲ್ಲವಾಗಿಸಲು ಬಳಸಿಕೊಂಡಿತು. ಅವರು ಜೀವನವಿಡೀ ಅದರ ವಿರುದ್ಧ ಹೋರಾಡಿದರು. ರೋಗವನ್ನು ಅಳಿಸಲಾಗದವರು ರೋಗಿಯನ್ನೇ ಅಳಿಸುವ ಈ ಚಾಳಿಯನ್ನು ಕಂಡು ನಮ್ಮ ಹಿರಿಯರು ವಂಶವಾಹಿ ಎಂಬ ಪದಕ್ಕೇ ಬೆಚ್ಚುತ್ತಾರಾದರೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಲೆಜೂನರ ಪಾಠ ನಿಜವಾಗಿ ಏನು? ಅವರು ಪ್ರಯೋಗಾಲಯವನ್ನು ಬಿಟ್ಟುಹೋಗಲಿಲ್ಲ. ಗರ್ಭಪಾತಕ್ಕೆ ಅತ್ಯಂತ ಬಲವಾದ ಉತ್ತರ ಚಿಕಿತ್ಸೆಯೇ ಎಂದು ನಂಬಿ ಕೊನೆಯವರೆಗೂ ಅದನ್ನರಸಿದರು. ಹಾಗಿರುವಾಗ, ಚಿಕಿತ್ಸೆಯ ಬಾಗಿಲನ್ನೂ ಮುಚ್ಚಬಯಸುವವರು ಯಾರ ಪಕ್ಷದಲ್ಲಿದ್ದಾರೆ?

ಪಾಪ ಬೇರೆಡೆ ಇದೆ ಎಂದೆನಲ್ಲ, ಅದನ್ನು ಕಾಣಬೇಕಾದರೆ 1999ರ ಸೆಪ್ಟೆಂಬರಿಗೆ, ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಹೋಗಬೇಕು. ಜೆಸ್ಸಿ ಗೆಲ್ಸಿಂಗರ್ ಅರಿಜೋನಾದ ಹದಿನೆಂಟು ವರ್ಷದ ತರುಣ. ಮೇಲೆ ಹೇಳಿದ ಯೂರಿಯಾ ಸರಪಳಿಯ ಒಂದು ಕಿಣ್ವದ ಕೊರತೆ ಅವನಿಗಿತ್ತು. ಅದೂ ಪಿತ್ರಾರ್ಜಿತವಲ್ಲ, ಅವನ ದೇಹದಲ್ಲಿಯೇ ಹೊಸದಾಗಿ ತಲೆದೋರಿದ್ದು. (ವಂಶಶಾಪದ ವಾದಿಗಳು ಇದನ್ನು ಯಾವ ಅಜ್ಜನ ತಲೆಗೆ ಕಟ್ಟುತ್ತಾರೋ!) ರೋಗ ಸೌಮ್ಯವಾಗಿತ್ತು, ಪ್ರೊಟೀನು ಕಡಿಮೆಯಿರುವ ಊಟ, ದಿನವೂ ಹತ್ತಾರು ಮಾತ್ರೆ, ಇಷ್ಟರಲ್ಲಿ ಬದುಕು ಸಾಗುತ್ತಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ವಿಲ್ಸನ್ನರ ಸಂಸ್ಥೆಯಲ್ಲಿ, ಸರಿಯಾದ ವಂಶವಾಹಿಯನ್ನು ಶೀತದ ವೈರಾಣುವೊಂದರ ಬೆನ್ನಿಗೇರಿಸಿ ಯಕೃತ್ತಿಗೆ ಕಳುಹಿಸುವ ಪ್ರಯೋಗ ನಡೆಯುತ್ತಿತ್ತು. ಅದು ಗುಣಪಡಿಸುವ ಪ್ರಯೋಗವೂ ಅಲ್ಲ, ಎಷ್ಟು ಪ್ರಮಾಣವನ್ನು ದೇಹ ಸಹಿಸಬಲ್ಲದೆಂದು ನೋಡುವ ಮೊದಲ ಹಂತದ ಪರೀಕ್ಷೆ. ಇದರಿಂದ ತನಗೇನೂ ಲಾಭವಿಲ್ಲವೆಂದು ಜೆಸ್ಸಿಗೆ ಗೊತ್ತಿತ್ತು. ಇದೇ ರೋಗದ ತೀವ್ರ ರೂಪದಿಂದ ಹುಟ್ಟುತ್ತಲೇ ಸಾಯುವ ಶಿಶುಗಳಿಗೆ ಮುಂದೆಂದಾದರೂ ನೆರವಾದೀತೆಂದು ಅವನು ಒಪ್ಪಿದ. ಸೆಪ್ಟೆಂಬರ್ 13ರಂದು ವೈರಾಣುವನ್ನು ಚುಚ್ಚಲಾಯಿತು. ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿ ಎದ್ದಿತು. ಒಂದೊಂದಾಗಿ ಅಂಗಗಳು ಸೋತವು. 17ರಂದು ಅವನು ತೀರಿಕೊಂಡ.

ತಿಳಿಯದೆ ಆದ ಸಾವಾಗಿದ್ದರೆ ದುಃಖಿಸಿ ಸುಮ್ಮನಾಗಬಹುದಿತ್ತು. ತನಿಖೆಯಲ್ಲಿ ಹೊರಬಿದ್ದದ್ದು ಬೇರೆ. ಚುಚ್ಚುವ ಮುನ್ನ ಅವನ ರಕ್ತದಲ್ಲಿನ ಅಮೋನಿಯಾ ಪ್ರಯೋಗದ ನಿಯಮ ಅನುಮತಿಸಿದ್ದಕ್ಕಿಂತ ಹೆಚ್ಚಾಗಿತ್ತು. ಅವನಿಗಿಂತ ಮೊದಲು ಬಂದವರಲ್ಲಿ ಕಂಡ ಗಂಭೀರ ದುಷ್ಪರಿಣಾಮಗಳನ್ನು ಸರ್ಕಾರಕ್ಕೆ ಸಕಾಲದಲ್ಲಿ ತಿಳಿಸಿರಲಿಲ್ಲ. ಪ್ರಾಣಿಪ್ರಯೋಗದಲ್ಲಿ ಕೋತಿಗಳು ಸತ್ತ ಸಂಗತಿ ಒಪ್ಪಿಗೆ ಪತ್ರದಲ್ಲಿ ಇರಲಿಲ್ಲ. ಈ ತಂತ್ರಜ್ಞಾನದಿಂದ ಲಾಭ ಪಡೆಯಬಹುದಾಗಿದ್ದ ಖಾಸಗಿ ಕಂಪನಿಯೊಂದನ್ನು ವಿಲ್ಸನ್ನರೇ ಸ್ಥಾಪಿಸಿದ್ದರು. ವಿಶ್ವವಿದ್ಯಾಲಯಕ್ಕೂ ಅದರಲ್ಲಿ ಪಾಲಿತ್ತು. 2005ರಲ್ಲಿ ವಿಶ್ವವಿದ್ಯಾಲಯವು ಐದು ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಸರ್ಕಾರಕ್ಕೆ ತೆತ್ತು ಪ್ರಕರಣವನ್ನು ಮುಗಿಸಿಕೊಂಡಿತು.

ಒಂದು ವಿವರ ನನ್ನನ್ನು ಹೆಚ್ಚು ಕಾಡುತ್ತದೆ. ಈ ಪ್ರಯೋಗವನ್ನು ಸಾಯುತ್ತಿರುವ ಶಿಶುಗಳ ಮೇಲೆಯೇ ಮಾಡಬಹುದಿತ್ತು. ಆದರೆ ಸಾಯುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಂದೆತಾಯಿಗಳು ಏನು ಹೇಳಿದರೂ ಒಪ್ಪುತ್ತಾರೆ, ಅದು ಸ್ವತಂತ್ರ ಒಪ್ಪಿಗೆಯಲ್ಲ ಎಂದು ನೀತಿಶಾಸ್ತ್ರಜ್ಞ ಆರ್ಥರ್ ಕ್ಯಾಪ್ಲನ್ ಸಲಹೆ ನೀಡಿದ್ದರು. ಆದುದರಿಂದ, ಬುದ್ಧಿಯಿಂದ ಯೋಚಿಸಿ ಒಪ್ಪಬಲ್ಲ ವಯಸ್ಕರನ್ನು ಆರಿಸಿದರು. ಸಲಹೆ ಸದುದ್ದೇಶದ್ದೇ. ಆದರೆ ಬುದ್ಧಿಯಿಂದ ಒಪ್ಪಬಲ್ಲವನಿಂದ ಸತ್ತ ಕೋತಿಗಳ ಸುದ್ದಿಯನ್ನು ಮರೆಮಾಚಿದ ಮೇಲೆ, ಅವನ ಒಪ್ಪಿಗೆಗೆ ಯಾವ ಬೆಲೆ ಉಳಿಯಿತು? ಅವನು ಪರರಿಗಾಗಿ ತನ್ನನ್ನು ಕೊಟ್ಟುಕೊಂಡ. ಕೊಟ್ಟದ್ದನ್ನು ಪಡೆದವರು ಲೆಕ್ಕದ ಪುಸ್ತಕ ತೆರೆದು ಕುಳಿತಿದ್ದರು. ಸೃಷ್ಟಿಕರ್ತನ ಕೆಲಸಕ್ಕೆ ಕೈಹಾಕಿದ್ದು ಇಲ್ಲಿನ ಪಾಪವಲ್ಲ. ನೆರೆಯವನಿಗೆ ಸುಳ್ಳು ಹೇಳಿದ್ದು, ಅವಸರಪಟ್ಟದ್ದು, ಹಣದ ಮೇಲೆ ಕಣ್ಣಿಟ್ಟದ್ದು – ಇವು ಪಾಪ. ಇವುಗಳಿಗೆ ಹೊಸ ಆಜ್ಞೆ ಬೇಕಿಲ್ಲ. ಮೋಶೆಯ ಹತ್ತು ಸಾಕು.

ಆ ಸಾವಿನ ಬಳಿಕ ಸಂಶೋಧನೆ ವರ್ಷಗಳ ಕಾಲ ಕುಂಟಿತು. ಶ್ವಾಸಕೋಶದ ವಿಷಯದಲ್ಲಂತೂ ನಿರಾಶೆಯೇ ಹೆಚ್ಚು. ಗಾಳಿಯಲ್ಲಿ ತೇಲಿಬರುವುದನ್ನೆಲ್ಲ ತಡೆಯುವುದಕ್ಕೆಂದೇ ರಚಿತವಾದ ಅಂಗ ಅದು. ಲೋಳೆ ಅಡ್ಡ ಬರುತ್ತದೆ, ನಿರೋಧಕ ಶಕ್ತಿ ವೈರಾಣುವನ್ನು ಅಟ್ಟುತ್ತದೆ, ಕೋಶಗಳು ಉದುರಿ ಹೊಸವು ಬರುವುದರಿಂದ ಮತ್ತೆ ಮತ್ತೆ ಮದ್ದು ಕೊಡಬೇಕಾಗುತ್ತದೆ. ಸಿಸ್ಟಿಕ್ ಫೈಬ್ರೋಸಿಸ್‌ಗೆ 1993ರಲ್ಲೇ ಮೊದಲ ಪ್ರಯೋಗ ನಡೆಯಿತು. ಬ್ರಿಟನ್ನಿನ ಸಂಶೋಧಕರ ಒಕ್ಕೂಟವು ನೂರಕ್ಕೂ ಹೆಚ್ಚು ರೋಗಿಗಳಿಗೆ ತಿಂಗಳಿಗೊಮ್ಮೆ ಕೊಬ್ಬಿನ ಹನಿಗಳಲ್ಲಿ ವಂಶವಾಹಿಯನ್ನಿಟ್ಟು ಉಸಿರಿನ ಮೂಲಕ ಕೊಟ್ಟು, 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಉಸಿರಿನ ಬಲದಲ್ಲಿ ಕಂಡ ಅಂತರ ಶೇಕಡಾ 3.7. ಇಪ್ಪತ್ತೆರಡು ವರ್ಷಗಳ ದುಡಿಮೆಗೆ ಇಷ್ಟು. ಪವಾಡ ಸ್ವಸ್ಥತೆಯ ಜಾಹೀರಾತುಗಳಿಗೆ ಒಗ್ಗಿಹೋದ ನಮಗೆ ಈ ಪ್ರಾಮಾಣಿಕತೆ ತುಸು ವಿಚಿತ್ರವೆನಿಸಬಹುದು. ಆ ರೋಗಕ್ಕೆ ಕೊನೆಗೆ ಬಲವಾದ ಪರಿಹಾರ ಬಂದದ್ದು ಮಾತ್ರೆಗಳ ರೂಪದಲ್ಲಿ, 2019ರಲ್ಲಿ; ಕೆಟ್ಟ ಬಾಗಿಲನ್ನು ಸರಿಯಾಗಿ ತೆರೆಸುವ ಮೂರು ಮದ್ದುಗಳ ಮಿಶ್ರಣ. ಅದರ ಘೋಷಿತ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಹೆಚ್ಚು. ಆ ಸಂಶೋಧನೆಗೆ ಮೊದಲ ದಿನಗಳಲ್ಲಿ ಹಣ ಹೂಡಿದ್ದು ರೋಗಿಗಳ ಕುಟುಂಬಗಳು ಕಟ್ಟಿದ ಪ್ರತಿಷ್ಠಾನ ಎಂಬುದನ್ನು ಗಮನಿಸಬೇಕು. ಅದು ತನ್ನ ಹಕ್ಕುಗಳನ್ನು 2014ರಲ್ಲಿ 330 ಕೋಟಿ ಡಾಲರುಗಳಿಗೆ ಮಾರಿತು. ಆ ಹಣ ಮತ್ತೆ ಸಂಶೋಧನೆಗೇ ಹೋಗುತ್ತದೆಂದು ಅವರು ಹೇಳುತ್ತಾರೆ, ಇರಲಿ. ಆದರೆ ಬಡದೇಶದ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗೆ ಆ ಮಾತ್ರೆ ಗಾಜಿನ ಆಚೆಯ ರೊಟ್ಟಿ.

ಯಕೃತ್ತಿನ ಕಡೆ ಬಾಗಿಲು ತೆರೆಯಿತು. ಅದೇ ಫಿಲಡೆಲ್ಫಿಯಾ, ಅದೇ ಯೂರಿಯಾ ಸರಪಳಿ, ಜೆಸ್ಸಿಯ ಸಾವಿಗೆ ಕಾಲು ಶತಮಾನವಾದ ಮೇಲೆ. 2024ರ ಆಗಸ್ಟಿನಲ್ಲಿ ಹುಟ್ಟಿದ, ಕೆ.ಜೆ. ಎಂದು ಜಗತ್ತು ಬಲ್ಲ ಗಂಡುಕೂಸಿಗೆ ಸರಪಳಿಯ ಮೊದಲ ಕೊಂಡಿಯೇ ಇರಲಿಲ್ಲ. ಸುಮಾರು ಹದಿಮೂರು ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವ ರೋಗ. ಬಂದವರಲ್ಲಿ ಅರ್ಧದಷ್ಟು ಶೈಶವದಲ್ಲೇ ಸಾಯುತ್ತಾರೆ. ವೈದ್ಯೆ ರೆಬೆಕಾ ಆರೆನ್ಸ್-ನಿಕ್ಲಾಸ್, ವಿಜ್ಞಾನಿ ಕಿರಣ್ ಮುಸುನೂರು ಮತ್ತವರ ಸಂಗಡಿಗರು ಆ ಒಂದೇ ಮಗುವಿನ ಒಂದೇ ಅಕ್ಷರದೋಷವನ್ನು ತಿದ್ದುವ ಮದ್ದನ್ನು ಆರು ತಿಂಗಳಲ್ಲಿ ಸಿದ್ಧಪಡಿಸಿದರು. ಈ ಬಾರಿ ವೈರಾಣುವಿಲ್ಲ. ಕೊಬ್ಬಿನ ಅತಿಸೂಕ್ಷ್ಮ ಕಣಗಳಲ್ಲಿ ತುಂಬಿ ಕಳುಹಿಸಿದರು. 2025ರ ಫೆಬ್ರವರಿಯಲ್ಲಿ ಅತಿ ಕಡಿಮೆ ಪ್ರಮಾಣದ ಮೊದಲ ಬಾರಿಯದು, ಅನಂತರ ಎಚ್ಚರಿಕೆಯಿಂದ ಇನ್ನೆರಡು. ಮಗು ಹೆಚ್ಚು ಪ್ರೊಟೀನನ್ನು ತಾಳಿಕೊಂಡಿತು, ಮದ್ದು ಇಳಿಯಿತು, ಜೂನಿನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಯಿತು. ಪೂರ್ತಿ ಗುಣವಾಯಿತೆಂದು ಆ ವೈದ್ಯರು ಕೊಚ್ಚಿಕೊಳ್ಳಲಿಲ್ಲ. ಸರ್ಕಾರದ ಸಂಶೋಧನಾ ಹಣ ಇದರ ಹಿಂದಿತ್ತು. ಹಲವು ಕಂಪನಿಗಳು ಸಾಮಗ್ರಿ, ಶ್ರಮಗಳನ್ನು ಬಿಟ್ಟಿಯಾಗಿ ಕೊಟ್ಟವು. ಅದೇ ವರ್ಷ, ಯಕೃತ್ತಿನಲ್ಲಿ ಹುಟ್ಟಿ ಶ್ವಾಸಕೋಶವನ್ನು ಕಾಯಬೇಕಾದ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೊಟೀನಿನ ದೋಷವನ್ನು ಇದೇ ಬಗೆಯ ತಿದ್ದುಪಡಿಯಿಂದ ಸರಿಪಡಿಸುವ ಪ್ರಯೋಗದ ಮೊದಲ ಫಲಿತಾಂಶಗಳೂ ಬಂದವು. ಶ್ವಾಸಕೋಶದ ಮುಂಬಾಗಿಲು ತೆರೆಯದಿದ್ದರೆ ಹಿತ್ತಲಿನಿಂದ ಬಂದಂತಾಯಿತು.

ಪಾರ್ಶ್ವವಾಯು ರೋಗಿಯನ್ನು ಒಳಗೆ ಒಯ್ಯಲು ದಾರಿಯಿಲ್ಲದೆ, ಮನೆಯ ಮಾಡನ್ನೇ ಕಿತ್ತು ಮಂಚವನ್ನು ಇಳಿಸಿದ ನಾಲ್ವರನ್ನು ಪ್ರಭು ಗದರಿಸಲಿಲ್ಲ. ಕಟ್ಟಡ ಹಾಳಾಯಿತೆಂದು ಗೊಣಗಿದವರು ಅಲ್ಲಿಯೂ ಇದ್ದಿರಬೇಕು.

ಆದರೆ ಎಲ್ಲ ಮದ್ದುಗಳಿಗೂ ಕೆ.ಜೆ.ಯ ಅದೃಷ್ಟವಿಲ್ಲ. ಊಟದ ಕೊಬ್ಬನ್ನು ಕರಗಿಸುವ ಕಿಣ್ವವಿಲ್ಲದೆ ರಕ್ತವೇ ಹಾಲಿನಂತಾಗಿ, ಮೇದೋಜ್ಜೀರಕ ಗ್ರಂಥಿಯ ಉರಿಯಿಂದ ನರಳಿಸುವ ವಿರಳ ರೋಗವೊಂದಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಂದು ಭಾಗದಲ್ಲಿ ಅದು ತುಸು ಹೆಚ್ಚು. ಅದಕ್ಕೆ ರೂಪಿಸಿದ ಗ್ಲೈಬೆರಾ 2012ರಲ್ಲಿ ಯೂರೋಪಿನ ಮಾನ್ಯತೆ ಪಡೆದ ಮೊದಲ ವಂಶವಾಹಿ ಚಿಕಿತ್ಸೆ. ಬೆಲೆ ಸುಮಾರು ಹತ್ತು ಲಕ್ಷ ಯೂರೋ. ಪ್ರಯೋಗಗಳ ಹೊರಗೆ, ಹಣ ಕೊಟ್ಟು ಅದನ್ನು ಪಡೆದ ರೋಗಿ ಒಬ್ಬರೇ, ಜರ್ಮನಿಯಲ್ಲಿ. 2017ರಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಿತು. ಮದ್ದು ಅಪಾಯಕಾರಿಯೆಂದು ಅಲ್ಲ, ಕೊಳ್ಳುವವರಿಲ್ಲವೆಂದು. 2024ರಲ್ಲಿ ಮಕ್ಕಳ ಮೆದುಳನ್ನು ತಿನ್ನುವ ಇನ್ನೊಂದು ಚಯಾಪಚಯ ರೋಗದ ವಂಶವಾಹಿ ಚಿಕಿತ್ಸೆಗೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 42.5 ಲಕ್ಷ ಡಾಲರ್, ಆಗಿನ ದರದಲ್ಲಿ ನಮ್ಮ ಸುಮಾರು 35 ಕೋಟಿ ರೂಪಾಯಿ. ಬೇತ್ಸಥಾ ಕೊಳದ ದಡದಲ್ಲಿ ಮೂವತ್ತೆಂಟು ವರ್ಷ ಬಿದ್ದಿದ್ದವನ ಗೋಳು ನೆನಪಾಗುತ್ತದೆ. ನೀರು ಕದಡಿದಾಗ ಮೊದಲು ಇಳಿದವನಿಗಷ್ಟೇ ಗುಣ. ಎತ್ತಿ ಇಳಿಸುವವರು ಅವನಿಗಿರಲಿಲ್ಲ.

ಬೇರೆ ದಾರಿಯೇ ಇಲ್ಲವೆಂದು ಕಂಪನಿಗಳು ವಾದಿಸುತ್ತವೆ. ಇದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಎಂಬ ವೈದ್ಯರು ನವಜಾತ ಶಿಶುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ಕಾಗದಕ್ಕೆ ತೆಗೆದು ಪಿ.ಕೆ.ಯು. ಎಂಬ ಚಯಾಪಚಯ ರೋಗವನ್ನು ಪತ್ತೆಹಚ್ಚುವ ಪರೀಕ್ಷೆ ರೂಪಿಸಿದರು. ಬೇಗ ತಿಳಿದರೆ ಆಹಾರ ನಿಯಮದಿಂದಲೇ ಮಗುವಿನ ಬುದ್ಧಿ ಉಳಿಯುತ್ತದೆ. ಅವರ ಸ್ವಂತ ಮಗನೇ ಬುದ್ಧಿಮಾಂದ್ಯನಾಗಿದ್ದ. ಹೆಂಡತಿಯ ಸೋದರಿಯ ಮಗಳಿಗೆ ಪಿ.ಕೆ.ಯು. ಇತ್ತು. ಈ ಪರೀಕ್ಷೆಯಿಂದ ಅವರು ರಾಯಧನ ಪಡೆಯಲಿಲ್ಲ. ಕಂಪನಿಯೊಂದು ತಾನು ಮಾರುವ ಪರೀಕ್ಷಾ ಸಾಮಗ್ರಿಗೆ ಹತ್ತಾರು ಪಟ್ಟು ಬೆಲೆ ಕೇಳಿದಾಗ ಎದುರು ನಿಂತು ವಿರೋಧಿಸಿದರು. ಇಟಲಿಯಲ್ಲಿಯೂ ಒಂದು ನಿದರ್ಶನವಿದೆ. ಎ.ಡಿ.ಎ. ಎಂಬ ಕಿಣ್ವದ ಕೊರತೆಯಿಂದ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟುವ ಮಕ್ಕಳ ವಂಶವಾಹಿ ಚಿಕಿತ್ಸೆಯನ್ನು ಕಂಪನಿಗಳು ಲಾಭವಿಲ್ಲವೆಂದು ಕೈಬಿಟ್ಟಾಗ, ಜನರ ಚಂದಾಹಣದಿಂದ ನಡೆಯುವ ಟೆಲಿಥಾನ್ ಎಂಬ ಪ್ರತಿಷ್ಠಾನವೇ 2023ರಲ್ಲಿ ಅದನ್ನು ವಹಿಸಿಕೊಂಡಿತು.

ಇನ್ನು ನಮ್ಮ ಮನೆಗೆ ಬರೋಣ. ಭಾರತ ಸರ್ಕಾರದ ವಿರಳ ರೋಗಗಳ ನೀತಿ 2021ರಲ್ಲಿ ಜಾರಿಗೆ ಬಂತು. ನೆರವಿನ ಮಿತಿಯನ್ನು ಮರುವರ್ಷ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರಗಳ ಜೋಡಿ ಅದರ ಉತ್ಕೃಷ್ಟತಾ ಕೇಂದ್ರಗಳಲ್ಲೊಂದು. ಆದರೆ ಗೋಶೆ, ಪಾಂಪೆ ಮೊದಲಾದ ರೋಗಗಳ ಕಿಣ್ವಮದ್ದನ್ನು ಜೀವನಪರ್ಯಂತ ಕೊಡಬೇಕು. 50 ಲಕ್ಷ ಮುಗಿದ ದಿನ ಆ ಮಗುವಿನ ತಾಯಿಗೆ ಯಾರು ಉತ್ತರ ಹೇಳುತ್ತಾರೆ? ಒಮ್ಮೆ ಕೊಟ್ಟರೆ ಸಾಕಾಗುವ ಚಿಕಿತ್ಸೆ ನಮ್ಮ ದೇಶದಲ್ಲೇ ತಯಾರಾಗಬೇಕೆಂಬ ಒತ್ತಾಯ ಇದಕ್ಕಾಗಿಯೇ. ಅದು ಕನಸಲ್ಲ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾದ ಆಕರಕೋಶ ಸಂಶೋಧನಾ ಕೇಂದ್ರದ ನೆರವಿನೊಡನೆ, ತೀವ್ರ ಹಿಮೋಫಿಲಿಯಾ ಇದ್ದ ಐವರಿಗೆ ಅವರವರದೇ ಆಕರಕೋಶಗಳನ್ನು ತಿದ್ದಿ ಚಿಕಿತ್ಸೆ ನೀಡಿದ ವರದಿ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಐವರಿಗೂ ರಕ್ತಸ್ರಾವ ನಿಂತಿತು. ಅದು ಇದಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆಯಾಗಿ ಆರಂಭಿಸಿದ ಆಸ್ಪತ್ರೆ. ವಂಶವಾಹಿ ಚಿಕಿತ್ಸೆ ಪಾಪವೆನ್ನುವವರು ವೆಲ್ಲೂರಿಗೆ ಹೋಗಿ ಆ ಐವರ ಮುಂದೆ ಹಾಗೆನ್ನಲಿ.

ಕೊನೆಯದಾಗಿ ಒಂದು ಅಪ್ರಿಯ ವಿಷಯ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಇಂತಹ ಚಯಾಪಚಯ ರೋಗಗಳಿಗಾಗಿ ತಪಾಸಣೆ ಮಾಡಲಾಯಿತು. ಆಗ ಕಂಡದ್ದೇನೆಂದರೆ, ಸುಮಾರು ಮೂರನೆಯ ಒಂದು ಭಾಗದಷ್ಟು ತಂದೆತಾಯಿಗಳು ರಕ್ತಸಂಬಂಧಿಗಳು; ಸೋದರಮಾವನೊಂದಿಗೋ, ಅತ್ತೆಯ ಇಲ್ಲವೇ ಮಾವನ ಮಕ್ಕಳೊಂದಿಗೋ ಮದುವೆಯಾದವರು. ಕ್ರೈಸ್ತರಲ್ಲಿ ಪ್ರಮಾಣ ಕಡಿಮೆ, ಆದರೆ ಇಲ್ಲವೆನ್ನುವಷ್ಟು ಕಡಿಮೆಯಲ್ಲ. ಒಂದೇ ಅಜ್ಜನ ದೋಷಯುಕ್ತ ಪ್ರತಿ ಎರಡು ಕಡೆಯಿಂದಲೂ ಬಂದು ಒಂದೇ ಮಗುವಿನಲ್ಲಿ ಸೇರುವ ಸಾಧ್ಯತೆ ಇಂತಹ ಮದುವೆಗಳಲ್ಲಿ ಹೆಚ್ಚು. ಧರ್ಮಸಭೆಯ ಕಾನೂನು ಸೋದರಸಂಬಂಧದ ವಿವಾಹವನ್ನು ನಾಲ್ಕನೆಯ ಹಂತದವರೆಗೆ ತಡೆಯುತ್ತದೆ. ಆದರೂ ಜಮೀನು ಹೊರಗೆ ಹೋಗದಿರಲಿ, ಹುಡುಗಿ ಕಣ್ಣೆದುರಿಗಿರಲಿ ಎಂದು ವಿನಾಯಿತಿಗಾಗಿ ಧರ್ಮಪೀಠಕ್ಕೆ ಅರ್ಜಿ ಬರೆಯುವವರು ನಾವೇ. ಕೂಸು ಸತ್ತಾಗ ಶಾಪವೆನ್ನುವವರೂ, ವಿಜ್ಞಾನಿ ಔಷಧಿ ತಂದಾಗ ಪಾಪವೆನ್ನುವವರೂ ನಾವೇ.

ವಿನಾಯಿತಿಯನ್ನು ನಿಲ್ಲಿಸಿರೆಂದು ನಾನು ಕೇಳುತ್ತಿಲ್ಲ. ಆ ಅಧಿಕಾರ ಧರ್ಮಾಧ್ಯಕ್ಷರದ್ದು. ಕೇಳುವುದು ಇಷ್ಟು. ಆ ಅರ್ಜಿಯ ಜೊತೆಗೆ, ಮದುಮಕ್ಕಳಿಬ್ಬರೂ ತಳಿವಿಜ್ಞಾನ ಬಲ್ಲ ವೈದ್ಯರೊಡನೆ ಕುಳಿತು ಮಾತನಾಡಿದ್ದಾರೆಂಬ ಒಂದು ಪತ್ರವಿರಲಿ. ನಾನು ಕಂಡ ವಿವಾಹಪೂರ್ವ ಸಿದ್ಧತಾ ಶಿಬಿರಗಳಲ್ಲಿ ಸಂಸಾರದ ಖರ್ಚುವೆಚ್ಚಕ್ಕೆ ಒಂದು ಗಂಟೆ ಇದೆ, ಈ ವಿಷಯಕ್ಕೆ ಒಂದು ನಿಮಿಷವಿಲ್ಲ. ಅರ್ಧ ಗಂಟೆ ಸಿಗಲಿ. ಕೇರಳದ ಸರ್ಕಾರಿ ಆಸ್ಪತ್ರೆಗಳು ನವಜಾತ ಶಿಶುಗಳ ತಪಾಸಣೆಗೆ ಕಾರ್ಯಕ್ರಮವನ್ನೇ ಹಾಕಿಕೊಂಡಿವೆ. ನಮ್ಮ ಧರ್ಮಸಭೆಯ ಪ್ರತಿಯೊಂದು ಹೆರಿಗೆ ಆಸ್ಪತ್ರೆಯಲ್ಲಿಯೂ ಹಿಮ್ಮಡಿಯ ಆ ಒಂದು ಹನಿ ರಕ್ತದ ಪರೀಕ್ಷೆ ನಡೆಯಲಿ, ಕೊಡಲಾರದವರ ಪಾಲನ್ನು ಧರ್ಮಕೇಂದ್ರ ಕೊಡಲಿ. ಇದಕ್ಕೆ 35 ಕೋಟಿ ಬೇಕಿಲ್ಲ. ಹಬ್ಬದ ಪಟಾಕಿಯ ಹಣದಲ್ಲಿ ಆಗುತ್ತದೆ.